ಫಲಾನುಭವಿ ನಂಬರ್ ಒಂಬತ್ತು

ಮೊದಲೇ ಹೇಳಿಬಿಡುತ್ತೇನೆ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಓದಿ ಮುಗಿಸಿದ ಮೇಲೆ ಏನೋ ಕಂಡುಹಿಡಿದವರ ಹಾಗೆ ‘ಇವನದು ಹೊಟ್ಟೆಕಿಚ್ಚು’ ಎಂದು ನೀವು ಹೇಳುವುದು ಬೇಡ. ನನಗೇ ಗೊತ್ತು. ನನ್ನ ದೊಡ್ಡಮ್ಮನಿಗೂ ಗೊತ್ತು.

ಅವಳು ನನ್ನ ಸಹಪಾಠಿ. ಸಂಜೆ ಕಾನೂನು ಕಾಲೇಜು, ಕೊನೆಯ ವರ್ಷ. ಕ್ಲಾಸಿನಲ್ಲಿ ಅವಳ ಹೆಸರು ಲೀಡರ್. ಕಾಲೇಜಿನ ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ಅವಳೇ ಕಾರ್ಯದರ್ಶಿ. ಅಪ್ಪ ವಕೀಲರು, ಅಜ್ಜನೂ ವಕೀಲರು. ಅವಳು ಬಂದರೆ ಕೋರ್ಟಿನ ಜವಾನ ಕುರ್ಚಿ ಬಿಟ್ಟು ಏಳುತ್ತಾನೆ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಕೆಟ್ಟವಳಲ್ಲ. ಕೇಳುವ ಮೊದಲೇ ನೋಟ್ಸ್ ಕೊಡುತ್ತಾಳೆ. ಪೆನ್ನು ಕೊಟ್ಟರೆ ವಾಪಸ್ ಕೇಳುವುದಿಲ್ಲ. ಅವಳನ್ನು ದ್ವೇಷಿಸಬೇಕೆಂದರೆ ಕೂತು ಕಾರಣ ಹುಡುಕಬೇಕು. ನಾನು ಕೂತು ಹುಡುಕಿದ್ದೇನೆ.

ನನ್ನನ್ನು ಇಸ್ತ್ರಿ ಎನ್ನುತ್ತಾರೆ. ಕೋರ್ಟಿನ ಹಿಂದಿನ ಬೀದಿಯಲ್ಲಿ ದೊಡ್ಡಮ್ಮನ ಲಾಂಡ್ರಿ. ಬೆಳಿಗ್ಗೆ ಐದರಿಂದ ಸಂಜೆ ನಾಲ್ಕರವರೆಗೆ ನಿಂತೇ ಕೆಲಸ. ಕರಿಕೋಟು, ಗೌನು, ಬಿಳಿ ಅಂಗಿ, ಕತ್ತಿಗೆ ಕಟ್ಟುವ ಬಿಳಿ ಪಟ್ಟಿ. ಇಸ್ತ್ರಿಪೆಟ್ಟಿಗೆ ಕಂಕುಳಿನ ಜಾಗಕ್ಕೆ ತಾಗಿದ ಕೂಡಲೇ ಬೇರೆಯವರ ಹಳೆಯ ಬೆವರು ಹಬೆಯಾಗಿ ಮೂಗಿಗೆ ಹೊಡೆಯುತ್ತದೆ. ಯಾವ ವಕೀಲರಿಗೆ ಎಷ್ಟು ಭಯ ಎಂದು ನಾನು ಮೂಸಿ ಹೇಳಬಲ್ಲೆ. ಎಡಗೈ ಮಣಿಕಟ್ಟಿನ ಮೇಲೆ ಏಳು ಸುಟ್ಟ ಗೆರೆಗಳಿವೆ. ಬಲ ಹೆಗಲು ಎಡಕ್ಕಿಂತ ತಗ್ಗು. ಅಂಗಿಯ ಒಳಗೆ ಎದೆಯನ್ನು ಬಟ್ಟೆಯಿಂದ ಬಿಗಿದು ಕಟ್ಟಿಕೊಂಡಿರುತ್ತೇನೆ. ಬೇಸಿಗೆಯಲ್ಲಿ ಆ ಬಟ್ಟೆಯ ಅಂಚು ಚರ್ಮವನ್ನು ಕೆರೆದು ಹುಣ್ಣು ಮಾಡುತ್ತದೆ. ಬಿಚ್ಚುವುದಿಲ್ಲ.

ಹುಟ್ಟಿದಾಗ ಹುಡುಗಿ ಎಂದು ಬರೆದರು. ನಾನು ಗಂಡು. ಇಷ್ಟೇ ವಿಷಯ. ಈ ಇಷ್ಟೇ ವಿಷಯಕ್ಕೆ ಅಪ್ಪ ನನ್ನ ಬಟ್ಟೆಗಳನ್ನು ಬೀದಿಗೆ ಎಸೆದ. ದೊಡ್ಡಮ್ಮ ಅವನ್ನು ಒಂದೊಂದಾಗಿ ಆರಿಸಿಕೊಂಡು, ಒಗೆದು, ಇಸ್ತ್ರಿ ಮಾಡಿ, ತನ್ನ ಅಂಗಡಿಯ ಅಟ್ಟದ ಮೇಲೆ ಇಟ್ಟಳು. “ಬಟ್ಟೆ ಇಲ್ಲಿದೆ. ಬಟ್ಟೆ ಹಾಕ್ಕೊಳ್ಳೋರೂ ಇಲ್ಲೇ ಇರ್ಲಿ” ಎಂದಳು. ಅವಳು ಅದಕ್ಕಿಂತ ಹೆಚ್ಚು ಏನೂ ಕೇಳಲಿಲ್ಲ. ನನ್ನನ್ನು ‘ಮಗಾ’ ಎಂದು ಕರೆಯುತ್ತಾಳೆ.

ಈ ವರ್ಷ ಕಾಲೇಜಿನ ಬೋರ್ಡಿನಲ್ಲಿ ಒಂದು ಪ್ರಕಟಣೆ ಬಂತು. ಲೈಂಗಿಕ ಅಲ್ಪಸಂಖ್ಯಾತರ ಸೇವೆಯಲ್ಲಿ ನಾಯಕತ್ವ ತೋರಿದ ಕಾನೂನು ವಿದ್ಯಾರ್ಥಿಗೆ ಪ್ರಶಸ್ತಿ. ಒಂದು ಫಲಕ, ಒಂದು ಶಾಲು. ಅವು ಯಾರಿಗೆ ಬೇಕು? ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಆಯ್ಕೆಯಾದವರನ್ನು ಹಿರಿಯ ವಕೀಲೆಯೊಬ್ಬರು ತಮ್ಮ ಕಚೇರಿಯಲ್ಲಿ ಜೂನಿಯರ್ ಆಗಿ ಸೇರಿಸಿಕೊಳ್ಳುತ್ತಾರೆ. ಅವರನ್ನು ಎಲ್ಲರೂ ಕನ್ನಡಕದ ಮೇಡಂ ಎನ್ನುತ್ತಾರೆ. ಅವರ ಗೌನು ನಮ್ಮ ಅಂಗಡಿಗೇ ಬರುತ್ತದೆ. ಬೆವರು ವಾಸನೆ ಇರದ ಒಂದೇ ಒಂದು ಗೌನು ಅದು.

ಆ ಸಾಲನ್ನು ನಾಲ್ಕು ಸಲ ಓದಿದೆ. ಏಕೆಂದರೆ ಅಷ್ಟು ಹೊತ್ತಿಗೆ ಏಳು ಕಚೇರಿಗಳು ನನ್ನನ್ನು ವಾಪಸ್ ಕಳಿಸಿದ್ದವು. ಜೂನಿಯರ್ ಆಗಿ ಸೇರದೆ ಕೆಲಸ ಕಲಿಯುವುದಾದರೂ ಎಲ್ಲಿ? ಒಬ್ಬರು ನನ್ನ ಅಂಕಪಟ್ಟಿ ನೋಡಿದರು, ಮುಖ ನೋಡಿದರು, ಮತ್ತೆ ಅಂಕಪಟ್ಟಿ ನೋಡಿದರು. “ಎಲ್ಲಾ ಸರಿ. ಟಾಯ್ಲೆಟ್ ಯಾವ್ದಕ್ಕೆ ಹೋಗ್ತೀಯಾ?” ಎಂದು ಕೇಳಿದರು. ಇನ್ನೊಬ್ಬರು, “ನಂದೇನೂ ಅಭ್ಯಂತರ ಇಲ್ಲ, ಕಕ್ಷಿದಾರ್ರು ಏನಂದ್ಕೊಳ್ತಾರೆ?” ಎಂದರು. ಏಳನೆಯವರು ನನಗೆ ಒಂದು ಕೋಟು ಕೊಟ್ಟು ಕಳಿಸಿದರು. ನಾಳೆಯೊಳಗೆ ಇಸ್ತ್ರಿಯಾಗಬೇಕಂತೆ.

ಅರ್ಜಿ ತುಂಬಲು ಕೂತೆ. ನಾಲ್ಕನೆಯ ಕಾಲಂ: ನೀವು ಸೇವೆ ಸಲ್ಲಿಸಿದವರ ಹೆಸರು, ಉದ್ಯೋಗ, ಸಹಿ.

ಅಲ್ಲಿ ಪೆನ್ನು ನಿಂತಿತು. ನಾನು ಆರು ವರ್ಷದಿಂದ ಠಾಣೆಗೆ ಹೋಗಿದ್ದೇನೆ, ಆಸ್ಪತ್ರೆಗೆ ಹೋಗಿದ್ದೇನೆ, ಮಗಳನ್ನು ಕೋಣೆಯಲ್ಲಿ ಕೂಡಿಹಾಕಿದ ಮನೆಗಳ ಬಾಗಿಲು ಬಡಿದಿದ್ದೇನೆ. ಯಾರ ಹೆಸರನ್ನೂ ಎಲ್ಲೂ ಬರೆದಿಲ್ಲ. ಬರೆಯುವುದಿಲ್ಲ ಎಂಬ ಮಾತಿನ ಮೇಲೆಯೇ ಅವರು ನನ್ನ ಹತ್ತಿರ ಬಂದದ್ದು. ಮೊದಲು ಬಂದವರು ಡ್ರೈವರ್ ಅಣ್ಣ. ಬಸ್ ಓಡಿಸುತ್ತಾರೆ. ಹೆಂಡತಿ ಇದ್ದಾರೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಒಬ್ಬ ಗೆಳೆಯ ಇದ್ದಾನೆ. ಕಾನೂನು ಓದುವ ಇಸ್ತ್ರಿಯವನೊಬ್ಬ ಇದ್ದಾನೆ, ಬಾಯಿ ಬಿಡುವುದಿಲ್ಲ ಎಂದು ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು.

ಲಾಂಡ್ರಿಯಲ್ಲಿ ಬಟ್ಟೆಗೆ ಹೆಸರು ಬರೆಯುವುದಿಲ್ಲ, ಗುರುತು ಹಾಕುತ್ತೇವೆ. ಕಾಲರಿನ ಒಳಗೆ ಮಾಸದ ಶಾಯಿಯಲ್ಲಿ ಎರಡು ಚುಕ್ಕೆ, ಒಂದು ಅಡ್ಡಗೆರೆ, ಮೂರು ಮೂಲೆ. ಯಾವುದು ಯಾರದು ಎಂದು ಹಾಕಿದವನಿಗೆ ಮಾತ್ರ ಗೊತ್ತು. ನಾನು ಜನರನ್ನೂ ಹಾಗೆಯೇ ನೆನಪಿಟ್ಟುಕೊಂಡಿದ್ದೆ. ಡ್ರೈವರ್ ಅಣ್ಣ ಎಂದರೆ ಒಂದು ಗೆರೆಯ ಮೇಲೆ ಎರಡು ಚುಕ್ಕೆ. ಹಾಗಾಗಿ ನಾಲ್ಕನೆಯ ಕಾಲಮಿನಲ್ಲಿ ಮೂವತ್ತೊಂದು ಗುರುತುಗಳನ್ನು ಹಾಕಿದೆ. ಅಂದವಾಗಿಯೇ ಹಾಕಿದೆ. ಎಲ್ಲರಿಗೂ ಅರ್ಥವಾಗುತ್ತದೆ ಎಂದುಕೊಂಡೆ. ಒಂದು ಅಂಗಡಿಯಲ್ಲಿ ಎಂಟು ವರ್ಷ ನಿಂತವನಿಗೆ ಇಡೀ ಲೋಕ ಅಂಗಡಿಯ ಹಾಗೆಯೇ ಕಾಣುತ್ತದೆ.

ಕಾಲೇಜಿನ ಗುಮಾಸ್ತ ಅರ್ಜಿಯನ್ನು ಬೆಳಕಿಗೆ ಹಿಡಿದು ನೋಡಿದ. “ಇದೇನಪ್ಪಾ, ಚಿತ್ರ ಬಿಡ್ಸಿದ್ದೀಯಾ?”

“ಗುರುತು ಸರ್. ಮೂವತ್ತೊಂದು ಜನ.”

“ಜನಕ್ಕೆ ಹೆಸರಿರಲ್ವಾ?”

“ಇದೆ. ಬರೆಯೋ ಹಾಗಿಲ್ಲ.”

ಅವನು ಪಕ್ಕದವನಿಗೆ ತೋರಿಸಿದ. ಪಕ್ಕದವನು ಅವನ ಪಕ್ಕದವನಿಗೆ ತೋರಿಸಿದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಪು ಶಾಯಿಯಲ್ಲಿ ‘ಅಪೂರ್ಣ’ ಎಂದು ಬರೆದು ಕೊಟ್ಟರು. ಅದೇ ಹೊತ್ತಿಗೆ ಲೀಡರ್ ಬಂದಳು. ಅವಳ ಕೈಯಲ್ಲಿ ಬೈಂಡ್ ಮಾಡಿಸಿದ ದಪ್ಪ ಪುಸ್ತಕ, ಮೇಲೆ ಬಣ್ಣದ ರಟ್ಟು. ಗುಮಾಸ್ತ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡ. “ನೀನೂ ಹಾಕಿದ್ಯಾ? ಒಳ್ಳೇದಾಯ್ತು!” ಎಂದು ನನ್ನ ಬೆನ್ನು ತಟ್ಟಿದಳು. ನಿಜವಾಗಿ ಖುಷಿಪಟ್ಟೇ ಹೇಳಿದಳು. ಅದಕ್ಕೇ ನನ್ನ ಮೈಯೆಲ್ಲ ಉರಿಯಿತು.

ಆ ದಿನ ಒಂದು ಬಿಳಿ ಅಂಗಿ ಸುಟ್ಟೆ. ದೊಡ್ಡಮ್ಮ ವಾಸನೆ ಹಿಡಿದು ಬಂದಳು.

“ಯಾರ ಮೇಲೆ ಕೋಪ?”

“ಯಾರ ಮೇಲೂ ಇಲ್ಲ.”

“ಆ ಯಾರೂ ಅಲ್ದೋಳ ಅಂಗಿನಾದ್ರೂ ಸುಡ್ಬಾರ್ದಾ? ಪಾಪ, ಗುಮಾಸ್ತಂದು ಯಾಕೆ ಸುಟ್ಟೆ?”

ನಾಲ್ಕು ದಿನ ಬಿಟ್ಟು ನನಗೆ ಪತ್ರ ಬಂತು. ಪ್ರಶಸ್ತಿ ಆಯ್ಕೆ ಸಮಿತಿಯ ಮೊಹರು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು ಒಡೆದೆ. ನನ್ನ ಹೊಸ ಹೆಸರಿತ್ತು. ಅದರ ಪಕ್ಕದಲ್ಲಿ ಬ್ರ್ಯಾಕೆಟ್ಟಿನೊಳಗೆ ನಾನು ಹೂತುಹಾಕಿದ ಹಳೆಯ ಹೆಸರೂ ಇತ್ತು. ಲೀಡರ್ ಅವರ ಅರ್ಜಿಗೆ ಸಂಬಂಧಿಸಿದಂತೆ ಫಲಾನುಭವಿಗಳ ಸಂದರ್ಶನ, ಕ್ರಮ ಸಂಖ್ಯೆ ಒಂಬತ್ತು, ತಪ್ಪದೆ ಹಾಜರಾಗುವುದು.

ಫಲಾನುಭವಿ. ಅದೇ ಕ್ಲಾಸು, ಅದೇ ಬೆಂಚು, ಅದೇ ಪರೀಕ್ಷೆ. ಕಳೆದ ಸಲ ಅವಳಿಗಿಂತ ಹನ್ನೊಂದು ಅಂಕ ಜಾಸ್ತಿ ತೆಗೆದವನು ನಾನು. ಅವಳ ಪುಸ್ತಕದಲ್ಲಿ ನಾನು ಅವಳಿಂದ ಉದ್ಧಾರವಾದವನು. ಯಾವಾಗ ಸಹಿ ಹಾಕಿದೆ ಎಂದು ಯೋಚಿಸಿದೆ. ನೆನಪಾಯಿತು. ನೆರವಿನ ಕೇಂದ್ರದ ಶಿಬಿರದ ದಿನ ಬಂದವರಿಗೆಲ್ಲ ಕುರ್ಚಿ ಹಾಕಿ, ನೀರು ಕೊಟ್ಟು, ಮೂರು ಗಂಟೆ ಅರ್ಜಿ ಬರೆದುಕೊಟ್ಟು ಏಳುವಾಗ ಅವಳು ಒಂದು ಹಾಳೆ ಮುಂದೆ ಹಿಡಿದಿದ್ದಳು. “ಇಲ್ಲೊಂದು ಸಹಿ ಹಾಕ್ಬಿಡು, ಹಾಜರಿ.” ಹಾಕಿದ್ದೆ. ಕಾನೂನು ಓದುವವನು, ಓದದೆ ಸಹಿ ಹಾಕಿದ್ದೆ.

ಸಂದರ್ಶನ ಪ್ರಿನ್ಸಿಪಾಲರ ಕೋಣೆಯಲ್ಲಿ. ಉದ್ದ ಮೇಜು. ನಡುವೆ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು. ಅವರ ಎಡಕ್ಕೆ ಪ್ರಿನ್ಸಿಪಾಲರು, ಬಲಕ್ಕೆ ಕನ್ನಡಕದ ಮೇಡಂ. ಮೂವರ ಮುಂದೆಯೂ ಆ ದಪ್ಪ ಪುಸ್ತಕದ ಒಂದೊಂದು ಪ್ರತಿ. ಪಕ್ಕದ ಕುರ್ಚಿಯಲ್ಲಿ ಲೀಡರ್. ನನಗೆ ಕುರ್ಚಿ ಇರಲಿಲ್ಲ. ನಿಂತು ಅಭ್ಯಾಸ, ನಿಂತೆ.

“ಬಾರಮ್ಮ” ಎಂದರು ಅಧ್ಯಕ್ಷರು. ಪಕ್ಕದಿಂದ ಪ್ರಿನ್ಸಿಪಾಲರು ಏನೋ ಪಿಸುಗುಟ್ಟಿದರು. “ಓ. ಬಾರಪ್ಪ. ಹೆದರ್ಬೇಡ. ಈ ಹುಡುಗಿಯಿಂದ ನಿಂಗೆ ಏನೇನು ಸಹಾಯ ಆಯ್ತು, ನಿನ್ನ ಮಾತಲ್ಲೇ ಹೇಳು.”

“ಪುಸ್ತಕ ಒಂದ್ಸಲ ನೋಡ್ಬಹುದಾ ಸರ್?”

ಪ್ರಿನ್ಸಿಪಾಲರು ತಮ್ಮ ಪ್ರತಿಯನ್ನು ಮುಂದಕ್ಕೆ ತಳ್ಳಿದರು. ಒಂಬತ್ತನೆಯ ಪುಟದಲ್ಲಿ ನನ್ನ ಫೋಟೋ. ಇಸ್ತ್ರಿ ಮಾಡುತ್ತಿರುವಾಗ ಪಕ್ಕದಿಂದ ತೆಗೆದದ್ದು. ಕೆಳಗೆ: ‘ಹಿಂದುಳಿದ ಕುಟುಂಬ. ಲಾಂಡ್ರಿ ಕೂಲಿ. ಆತ್ಮವಿಶ್ವಾಸದ ಕೊರತೆ ಇತ್ತು. ಹೆಸರು ಬದಲಾವಣೆಯ ಅರ್ಜಿ ತುಂಬಿಸಿ, ಧೈರ್ಯ ತುಂಬಲಾಯಿತು.’ ವಿದ್ಯಾರ್ಥಿ ಎಂಬ ಮಾತೇ ಇಲ್ಲ. ಆ ಅರ್ಜಿಯ ಯಾವ ಕಾಲಮಿನಲ್ಲಿ ಏನು ಬರೆಯಬೇಕು ಎಂದು ಅವಳಿಗೆ ಹೇಳಿಕೊಟ್ಟವನೇ ನಾನು. ನಾನು ಹೇಳಿದೆ, ಅವಳು ಬರೆದಳು. ಅವಳ ಅಕ್ಷರ ದುಂಡಗಿದೆ.

ಸುಮ್ಮನೆ ಪುಟ ಮಗುಚಿದೆ. ಹದಿನಾಲ್ಕನೆಯ ಪುಟಕ್ಕೆ ಬಂದು ನಿಂತೆ.

ಡ್ರೈವರ್ ಅಣ್ಣ. ಪೂರ್ತಿ ಹೆಸರು. ಯಾವ ಡಿಪೋ, ಯಾವ ಮಾರ್ಗ. ಪಕ್ಕಕ್ಕೆ ತಿರುಗಿದ ಮುಖ, ಆದರೆ ಆ ಮೂಗನ್ನು ಕಂಡ ಯಾರೂ ಮರೆಯುವುದಿಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ ಅವರನ್ನೂ ಅವರ ಗೆಳೆಯನನ್ನೂ ಪಾರ್ಕಿನಲ್ಲಿ ಪೇದೆಯೊಬ್ಬ ಹಿಡಿದು ಫೋನು ಕಿತ್ತುಕೊಂಡಿದ್ದ. ಹೆಂಡತಿಗೆ ಹೇಳುತ್ತೇನೆಂದು ಬೆದರಿಸಿದ್ದ. ನಾನು ಠಾಣೆಯ ಬಾಗಿಲಲ್ಲಿ ನಾಲ್ಕು ಗಂಟೆ ನಿಂತೆ. “ಯಾರೋ ನೀನು, ಗಂಡೋ ಹೆಣ್ಣೋ?” ಎಂದು ಕೇಳಿಸಿಕೊಂಡು ನಿಂತೆ. ಕೊನೆಗೆ ಕಾಲೇಜಿನ ಲೆಟರ್‌ಹೆಡ್ ಇದ್ದರೆ ಕೆಲಸವಾದೀತು ಎಂದು ಲೀಡರ್ ಹತ್ತಿರ ಅವರನ್ನು ಕರೆದುಕೊಂಡು ಹೋದವನೂ ನಾನೇ. ಪತ್ರ ನಾನು ಬರೆದೆ, ಅವಳು ಸಹಿ ಹಾಕಿದಳು. ಫೋನು ವಾಪಸ್ ಬಂತು. ಡ್ರೈವರ್ ಅಣ್ಣ ಅವಳು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು.

“ಈ ಪುಸ್ತಕ ಏನ್ಮಾಡ್ತೀರಿ ಸರ್?”

“ಸಮಾರಂಭದ ದಿನ ಅಚ್ಚು ಹಾಕ್ಸಿ ಅತಿಥಿಗಳಿಗೆಲ್ಲಾ ಕೊಡ್ತೀವಿ” ಎಂದರು ಪ್ರಿನ್ಸಿಪಾಲರು. “ಮುಂದಿನ ಬ್ಯಾಚಿಗೆ ಮಾದರಿ ಆಗುತ್ತಲ್ಲ. ಹೇಳಪ್ಪಾ, ಟೈಮಿಲ್ಲ.”

ನನ್ನೊಳಗೆ ಆಗ ಎರಡು ಎದ್ದವು. ಒಂದು ಡ್ರೈವರ್ ಅಣ್ಣನ ಹೆಂಡತಿಯ ಮುಖ. ಇನ್ನೊಂದು, ಸಿಕ್ಕಿಬಿದ್ದಳು ಎಂಬ ಖುಷಿ. ಯಾವುದು ಮೊದಲು ಎದ್ದಿತು ಎಂದು ಆಣೆ ಮಾಡಿ ಹೇಳಲಾರೆ. ಬಹುಶಃ ಖುಷಿಯೇ.

“ನಾನು ಫಲಾನುಭವಿ ಅಲ್ಲ” ಎಂದೆ.

“ಅಂದ್ರೆ?”

“ಕೊನೇ ವರ್ಷ. ರೋಲ್ ನಂಬರ್ ನಲವತ್ತೆರಡು. ಇವಳ ಹಿಂದಿನ ಬೆಂಚು. ಇವಳಿಗೆ ಆ ಅರ್ಜಿ ತುಂಬೋದು ಹೇಳ್ಕೊಟ್ಟಿದ್ದು ನಾನು. ಈ ಪುಸ್ತಕದಲ್ಲಿರೋ ಇಪ್ಪತ್ತು ಜನರಲ್ಲಿ ಹನ್ನೆರಡು ಜನರನ್ನ ಕರ್ಕೊಂಡು ಬಂದಿದ್ದು ನಾನು. ನನ್ನ ಪುಟ ತೆಗೀರಿ.”

ಲೀಡರ್ ಮುಖ ಕೆಂಪಾಗಿತ್ತು. “ನೀನು ಸಹಿ ಹಾಕಿದ್ಯಲ್ಲ…” ಎಂದಳು.

“ನೀನು ಹಾಜರಿ ಅಂದೆ.”

“ನೋಡಪ್ಪಾ,” ಅಧ್ಯಕ್ಷರು ಕುರ್ಚಿಗೆ ಒರಗಿದರು, “ನೀನೂ ಅರ್ಜಿ ಹಾಕಿದ್ದೆ, ಅಪೂರ್ಣ ಅಂತ ವಾಪಸ್ ಬಂತು, ಅಲ್ವಾ? ಇದು ಬರೀ ಹೊಟ್ಟೆಕಿಚ್ಚು.”

“ಹೌದು ಸರ್. ಹೊಟ್ಟೆಕಿಚ್ಚೇ. ಹದಿನಾಲ್ಕನೇ ಪುಟಾನೂ ತೆಗೀರಿ. ಎಲ್ಲಾ ಪುಟಾನೂ ತೆಗೀರಿ. ಇದು ಅಚ್ಚಾದ್ರೆ ಇಪ್ಪತ್ತು ಮನೆ ಒಡೀತವೆ. ನಂಗೆ ಹೊಟ್ಟೆಕಿಚ್ಚಿದ್ರೂ ಒಡೀತವೆ, ಇಲ್ದಿದ್ರೂ ಒಡೀತವೆ.”

ಕನ್ನಡಕದ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಮಣಿಕಟ್ಟಿನ ಗೆರೆಗಳನ್ನು ನೋಡಿದರು.

“ಗುಮಾಸ್ತರು ಹೇಳ್ಕೊಂಡು ನಗ್ತಿದ್ರಲ್ಲ, ಆ ಗುರುತುಗಳ ಅರ್ಜಿ ನಿಂದಾ?”

“ಹೌದು ಮೇಡಂ.”

“ಮೂವತ್ತೊಂದು ಜನ ನಿಜವಾಗ್ಲೂ ಇದ್ದಾರಾ?”

“ಇದ್ದಾರೆ.”

“ಹಾಗಾದ್ರೆ ಬಾಗ್ಲು ಹಾಕ್ಸೋಣ. ಬರೆಯೋದು ಬೇಡ. ನಮ್ಮ ಮೂವರಿಗೆ ಮಾತ್ರ ಹತ್ತು ಹೆಸರು ಹೇಳು. ನಾನೇ ವಿಚಾರಿಸ್ಕೋತೀನಿ. ನಿಜ ಅಂತಾದ್ರೆ ನಿನ್ನ ಅರ್ಜಿ ನಾನೇ ಮತ್ತೆ ತೆರೆಸ್ತೀನಿ. ನಂಗೆ ಒಳ್ಳೆ ಜೂನಿಯರ್ ಬೇಕು.”

ಸುಳ್ಳು ಹೇಳುವ ಹೆಂಗಸಲ್ಲ. ಒಂದು ಕುರ್ಚಿ ನನ್ನ ಕಣ್ಣ ಮುಂದೆ ಬಂತು. ಅವರ ಕಚೇರಿಯ ಕಿಟಕಿ ಪಕ್ಕದ ಕುರ್ಚಿ. ಗೌನು ಕೊಡಲು ಹೋದಾಗಲೆಲ್ಲ ನೋಡಿದ್ದೆ. ಕೂತು ಮಾಡುವ ಕೆಲಸ. ಬೇರೆಯವರ ಕೋಟಿಗಲ್ಲ, ನನ್ನ ಕೋಟಿಗೆ ಇಸ್ತ್ರಿ. ಲೀಡರ್ ನನ್ನ ಜಾಗದಲ್ಲಿ ನಿಂತು, ನಾನು ಅವಳ ಜಾಗದಲ್ಲಿ ಕೂತು. ಹತ್ತೇ ಹೆಸರು. ಬಾಗಿಲು ಹಾಕಿರುತ್ತದೆ.

ಬಾಯಿ ತೆರೆದೆ. ತೆರೆದದ್ದು ಸುಳ್ಳಲ್ಲ. ಮೊದಲ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅದು ಡ್ರೈವರ್ ಅಣ್ಣನದು. ಹೇಗೂ ಹದಿನಾಲ್ಕನೆಯ ಪುಟದಲ್ಲಿ ಇದೆಯಲ್ಲ, ಅದನ್ನು ಹೇಳಿದರೆ ಏನು ಹೋಯಿತು ಎಂದು ಹೊಟ್ಟೆಯೊಳಗಿನ ಕಿಚ್ಚು ಹೇಳಿತು. ಒಂದು ಹೇಳಿದರೆ ಎರಡು ಬರುತ್ತದೆ. ನನ್ನನ್ನು ನಾನು ಬಲ್ಲೆ.

“ವಿಚಾರಿಸೋದು ಅಂದ್ರೆ ಅವರ ಬಾಗ್ಲಿಗೆ ಹೋಗೋದಲ್ವಾ ಮೇಡಂ? ಹೇಳಲ್ಲ.”

“ಯೋಚ್ನೆ ಮಾಡು. ಇನ್ನೊಂದ್ಸಲ ಕೇಳಲ್ಲ.”

“ಹೇಳಲ್ಲ. ನನ್ನನ್ನ ನಂಬಿ ಬಂದೋರನ್ನ ಮಾರಿ ನಂಗೆ ಕುರ್ಚಿ ಬೇಡ. ಬೇಡ ಅಂದ್ರೆ ಸುಳ್ಳಾಗುತ್ತೆ. ಬೇಕು. ಹಾಗೆ ಬೇಡ.”

ಪ್ರಿನ್ಸಿಪಾಲರ ಪ್ರತಿಯಿಂದ ಒಂಬತ್ತನೆಯ ಪುಟವನ್ನು ಹರಿದು, ಮಡಿಸಿ ಜೇಬಿಗೆ ಹಾಕಿಕೊಂಡೆ. ಅಧ್ಯಕ್ಷರು “ಏಯ್!” ಎಂದರು. ನಾನು ನಿಲ್ಲಲಿಲ್ಲ. ಬಾಗಿಲಲ್ಲಿ ಲೀಡರ್ ಕಡೆ ತಿರುಗಿ, “ಉಳಿದೋರು ಹರಿಯೋಕೆ ಇಲ್ಲಿಗೆ ಬರಕ್ಕಾಗಲ್ಲ. ಅವರ ಬದಲು ನೀನೇ ಹರಿ” ಎಂದೆ.

ಅವಳು ಹರಿದಳು. ಆ ಮಾತನ್ನು ಹೇಳಲೇಬೇಕು. ಅದೇ ದಿನ ಮೂರೂ ಪ್ರತಿಗಳನ್ನು ವಾಪಸ್ ತೆಗೆದುಕೊಂಡು, ಇಪ್ಪತ್ತು ಜನರ ಹತ್ತಿರವೂ ತಾನೇ ಹೋಗಿ ತಪ್ಪಾಯಿತು ಎಂದು ಕೇಳಿಕೊಂಡಳಂತೆ. ನನ್ನ ಅಂಗಡಿಗೂ ಬಂದಳು. ನಾನು ಹಬೆಯ ಹಿಂದೆ ಮುಖ ಇಟ್ಟುಕೊಂಡು ಕೆಲಸ ಮಾಡಿದೆ. ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಹದಿನೈದು ದಿನಕ್ಕೆ ಬೋರ್ಡಿನಲ್ಲಿ ಫಲಿತಾಂಶ ಬಂತು. ಪ್ರಶಸ್ತಿ ಲೀಡರ್‌ಗೆ. ಕಾರಣವನ್ನೂ ಬರೆದಿದ್ದರು. ‘ತಾನು ಸೇವೆ ಸಲ್ಲಿಸಿದವರ ಖಾಸಗಿತನವನ್ನು ಕಾಪಾಡುವ ಸಲುವಾಗಿ ತನ್ನ ದಾಖಲೆಯನ್ನೇ ಸ್ವಯಂಪ್ರೇರಿತಳಾಗಿ ಹಿಂತೆಗೆದುಕೊಂಡ ಅಪರೂಪದ ನಾಯಕತ್ವಕ್ಕಾಗಿ.’

ಸ್ವಯಂಪ್ರೇರಿತಳಾಗಿ. ಬೋರ್ಡಿನ ಗಾಜಿಗೆ ಗುದ್ದಬೇಕೆನಿಸಿತು. ನಾನು ಬೇಡ ಎಂದದ್ದೂ ಅವಳದೇ ಆಯಿತು. ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿ ಅತ್ತೆ. ಮೂಗು ಸುರಿಸಿಕೊಂಡು ಅತ್ತೆ. ದೊಡ್ಡಮ್ಮ ಒಂದು ಒಗೆದ ಟವೆಲು ಎಸೆದಳು. “ಅಳು. ಆದ್ರೆ ಗೌನಿನ ಮೇಲೆ ಬೀಳಿಸ್ಬೇಡ, ಕಲೆ ಕೂರುತ್ತೆ.”

ಸಮಾರಂಭದ ದಿನ ಬೆಳಿಗ್ಗೆ ಡ್ರೈವರ್ ಅಣ್ಣ ಸಮವಸ್ತ್ರ ಕೊಡಲು ಬಂದರು. ಇನ್ನೊಂದು ಕೈಯಲ್ಲಿ ಸಿಹಿಯ ಡಬ್ಬ, ಮೇಲೆ ಹೊಳೆಯುವ ಕಾಗದ. ಮುಖ ಅರಳಿತ್ತು.

“ತಮ್ಮಾ, ಒಂದು ಉಪಕಾರ ಮಾಡು. ಇದನ್ನ ಆ ಮೇಡಂಗೆ ಕೊಟ್ಬಿಡು. ಇವತ್ತು ಪ್ರಶಸ್ತಿ ಅಂತಲ್ಲ? ನನ್ನ ಹೆಸ್ರು ಯಾವುದೋ ಪುಸ್ತಕಕ್ಕೆ ಬಂದ್ಬಿಟ್ಟಿತ್ತಂತೆ ಮಾರಾಯ. ಅಚ್ಚಾಗೋಕೆ ಮುಂಚೆ ತೆಗೆಸಿದ್ರಂತೆ. ಮನೆ ಹತ್ರ ಬಂದು, ದೂರ ಕರ್ದು ಹೇಳಿದ್ರು. ಪುಣ್ಯಾತ್ಗಿತ್ತಿ. ನನ್ನ ಸಂಸಾರ ಉಳೀತು.”

ಡಬ್ಬವನ್ನು ಇಸ್ತ್ರಿ ಮೇಜಿನ ಮೇಲಿಟ್ಟರು. ನಾನು ಅದನ್ನೇ ನೋಡಿದೆ. ಸುಮ್ಮನಿರಬಹುದಿತ್ತು. ಆರು ವರ್ಷ ಸುಮ್ಮನಿದ್ದೇನೆ.

“ಅದು ಅವಳಲ್ಲ ಅಣ್ಣ” ಎಂದೆ. “ನಾನು.”

“ಏನು ನೀನು?”

“ತೆಗೆಸಿದ್ದು. ಅವಳು ತೆಗೆದ್ಳು, ತಪ್ಪಾಯ್ತು ಅಂದ್ಳು, ಇಲ್ಲ ಅನ್ನಲ್ಲ. ತೆಗೆಸಿದ್ದು ನಾನು. ಹಾಕಿದ್ದೇ ಅವಳು. ಅದ್ರಿಂದ ನಂಗೆ ಸಿಗ್ಬೇಕಾಗಿದ್ದ ಕೆಲ್ಸ ಹೋಯ್ತು.”

ಹೇಳಿ ನಾಚಿಕೆಯಾಯಿತು. ಆದರೂ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಡ್ರೈವರ್ ಅಣ್ಣ ನನ್ನನ್ನೇ ನೋಡಿದರು. ಆ ದೊಡ್ಡ ಮೂಗಿನ ಹೊಳ್ಳೆ ಅರಳಿತು.

“ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ವೋ?”

“ಯಾರಿಗೂ ಏನೂ ಹೇಳ್ಬೇಡ ಅಂದಿದ್ದು ನೀವೇ ತಾನೇ?”

ಅವರು ಹೊಳೆಯುವ ಕಾಗದವನ್ನು ಪರಪರ ಹರಿದು ಡಬ್ಬದ ಮುಚ್ಚಳ ತೆಗೆದು ನನ್ನ ಕಡೆ ತಳ್ಳಿದರು. ನಾನು ಒಂದು ತಿಂದೆ. ಇನ್ನೊಂದು ತಿಂದೆ. ದೊಡ್ಡಮ್ಮ ಒಳಗಿನಿಂದ ಬಂದು ಒಂದು ತುಂಡು ಬಾಯಿಗೆ ಹಾಕಿಕೊಂಡಳು.

“ಪಾಪ, ಆ ಹುಡುಗಿಗೂ ಎರಡು ಎತ್ತಿಡೋಣ ಮಗಾ. ಮಧ್ಯಾಹ್ನ ಕೋಟು ತಗೊಂಡು ಹೋಗೋಕೆ ಬರ್ತಾಳೆ.”

“ಒಂದೂ ಬೇಡ” ಎಂದೆ. ಬಾಯಿ ತುಂಬಿತ್ತು. “ಅವಳಿಗೆ ಪ್ರಶಸ್ತಿ ಇದೆಯಲ್ಲ. ಇದು ನಂದು.”